ಮುಂಗೋಪವೂ ಮನೋವ್ಯಾಧಿಯೂ

ನಂಟರಿಷ್ಟರ ಬಳಗದಲ್ಲಿ ಒಬ್ಬ ಮುಂಗೋಪಿಯಾದರೂ ಇಲ್ಲದ ಮನೆತನ ನಮ್ಮಲ್ಲಿ ವಿರಳ. ಅಂತಹವನನ್ನು ಕುರಿತು, ಅವನು ಎದುರಿಗಿಲ್ಲದಾಗ, ಹತ್ತು ಮಂದಿ ಹತ್ತು ಕಡೆ ಆಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಸಿಟ್ಟು ಮೂಗಿನ ತುದಿಯಲ್ಲಿ, ಮನಸ್ಸು ಮಾತ್ರ ಬೆಣ್ಣೆ." ಮೊದಲರ್ಧದಲ್ಲಿ ಹೊರಿಸಿದ ಅಪರಾಧವನ್ನು ಎರಡನೆಯ ಅರ್ಧದಲ್ಲಿಯೇ ಮನ್ನಿಸಿಬಿಡುವ ಈ ತೀರ್ಪು ಎಷ್ಟು ತಲೆಮಾರುಗಳಿಂದ ನಡೆದುಬಂದಿದೆಯೋ ಹೇಳಬರುವಂತಿಲ್ಲ. ಆತನ ಕೋಪವನ್ನು ಬದಲಾಯಿಸಲಾಗದ ಸಂಗತಿಯೆಂದು ಒಪ್ಪಿಕೊಂಡು, ಮಿಕ್ಕೆಲ್ಲರೂ ತಮ್ಮ ನಡೆನುಡಿಗಳನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ: ಕಾಫಿ ಯಾವ ಹದದಲ್ಲಿರಬೇಕು, ಅಂಕಪಟ್ಟಿಗೆ ಸಹಿ ಕೇಳುವುದು ಯಾವ ಹೊತ್ತಿನಲ್ಲಿ, ಯಾವ ನೆಂಟರ ಹೆಸರನ್ನು ಎತ್ತಲೇಬಾರದು, ಇವೆಲ್ಲ ಯಾರೂ ಬರೆದಿಡದ, ಆದರೆ ಎಲ್ಲರೂ ಬಲ್ಲ ಕಟ್ಟಳೆಗಳು. ಗೇಟಿನ ಬಳಿ ಸ್ಕೂಟರು ನಿಂತ ಸದ್ದಿನಿಂದಲೇ ಅಂದಿನ ಸಂಜೆ ಹೇಗೆ ಕಳೆಯುವುದೆಂಬುದನ್ನು ಆ ಮನೆಯ ಮಕ್ಕಳು ಗ್ರಹಿಸಬಲ್ಲರು.

ಈ ಬಗೆಯ ಕೋಪವೆಲ್ಲ ರೋಗವಲ್ಲ. ಆದರೆ ಅದರಲ್ಲಿ ಒಂದು ಪಾಲು ರೋಗವೇ ಹೌದೆಂದೂ, ಅದಕ್ಕೆ ನಿಶ್ಚಿತವಾದ ಲಕ್ಷಣಗಳಿವೆಯೆಂದೂ, ಚಿಕಿತ್ಸೆಯಿಂದ ಅದು ತಕ್ಕಮಟ್ಟಿಗೆ ಶಮನವಾಗುತ್ತದೆಂದೂ ವೈದ್ಯಶಾಸ್ತ್ರ ಒಪ್ಪಿದೆ; ನಮ್ಮ ಮನೆಗಳು ಇನ್ನೂ ಒಪ್ಪಿಲ್ಲ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಮೂವತ್ತೈದರ ಗೃಹಸ್ಥ, ಒಳ್ಳೆಯ ಉದ್ಯೋಗ, ಕುಡಿತವಿಲ್ಲ, ದುಸ್ಸಹವಾಸವಿಲ್ಲ. ಬೆಳಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಸ್ಕೂಟರಿನ ಬೀಗದ ಕೈ ಕಾಣದು. "ಎಲ್ಲಿಟ್ಟಿದ್ದೀಯೆ?" ಎಂದು ಕೇಳುತ್ತಾನೆ. "ನೀವೇ ಎಲ್ಲೋ ಇಟ್ಟಿರಬೇಕು, ನೋಡಿ" ಎಂದು ಒಲೆಯ ಮುಂದಿನಿಂದ ಹೆಂಡತಿ ತಿರುಗಿ ನೋಡದೆ ಹೇಳುತ್ತಾಳೆ. ಆ ತಿರುಗಿ ನೋಡದಿರುವಿಕೆ ಅವನಿಗೆ ಧಿಕ್ಕಾರವಾಗಿ ಕಾಣುತ್ತದೆ. ಎದೆ ಬಿಗಿಯುತ್ತದೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಕೈ ನಡುಗುತ್ತದೆ. ಮರುಕ್ಷಣ ಉಪ್ಪಿಟ್ಟಿನ ತಟ್ಟೆ ಗೋಡೆಗೆ ಬಡಿದಿರುತ್ತದೆ, ಬೀರುವಿನ ಕನ್ನಡಿಗೆ ಕಾಲಿನ ಪೆಟ್ಟು ಬಿದ್ದಿರುತ್ತದೆ, ಬಾಯಿಂದ ಬರಬಾರದ ಮಾತುಗಳೆಲ್ಲ ಬಂದುಹೋಗಿರುತ್ತವೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಬೀಗದ ಕೈ ನಿನ್ನೆಯ ಷರಾಯಿಯ ಜೇಬಿನಲ್ಲಿಯೇ ಇದ್ದಿತೆಂಬುದು ಗೊತ್ತಾಗುತ್ತದೆ. ಒಡೆದ ಗಾಜಿನ ಚೂರುಗಳನ್ನು, ಯಾರೂ ಹೇಳದೆ, ತಾನೇ ಬಗ್ಗಿ ಆಯುತ್ತಾನೆ. ಸಂಜೆ ಬರುವಾಗ ಮಕ್ಕಳಿಗೆಂದು ಮೈಸೂರುಪಾಕಿನ ಪೊಟ್ಟಣ ತರುತ್ತಾನೆ. ಮನೆಯವರೆಲ್ಲ ಅದನ್ನು ತಿನ್ನುತ್ತಾರೆ. ಮುಂದಿನ ವಾರ, ಬೇರೊಂದು ನಿಮಿತ್ತದಿಂದ, ಇದೇ ಕಥೆ.

ವೈದ್ಯರು ಇಂಟರ್ಮಿಟೆಂಟ್ ಎಕ್ಸ್‌ಪ್ಲೋಸಿವ್ ಡಿಸಾರ್ಡರ್ ಎಂದು ಕರೆಯುವ, ಸೌಕರ್ಯಕ್ಕಾಗಿ ಇಲ್ಲಿ ಸ್ಫೋಟಕೋಪವೆಂದು ಹೇಳಬಹುದಾದ ವ್ಯಾಧಿಯ ಚಹರೆ ಇಂತಹದು. ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರೆತದ್ದು ಒಮ್ಮೆಲೇ ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸಂಹಿತೆಯನ್ನು 1952ರಲ್ಲಿ ಮೊದಲಬಾರಿಗೆ ಪ್ರಕಟಿಸಿದಾಗ ಇಂತಹವರನ್ನು ವ್ಯಕ್ತಿತ್ವದೋಷವುಳ್ಳವರ ಸಾಲಿಗೆ ಸೇರಿಸಿದ್ದಿತು. 1968ರ ಆವೃತ್ತಿಯೂ ಸ್ಫೋಟಕ ವ್ಯಕ್ತಿತ್ವವೆಂದು ಹೆಸರನ್ನಷ್ಟೇ ಮಾರ್ಪಡಿಸಿತು. ಮನುಷ್ಯನೇ ಹಾಗೆ ಎನ್ನುವುದನ್ನು ಬಿಟ್ಟು, ಮನುಷ್ಯನಿಗೆ ಹೀಗೊಂದು ವ್ಯಾಧಿಯಿದೆ ಎನ್ನತೊಡಗಿದ್ದು 1980ರ ಮೂರನೆಯ ಆವೃತ್ತಿಯಲ್ಲಿ. ಆಗಲೂ ಹಲ್ಲೆಯೋ ಆಸ್ತಿನಾಶವೋ ನಡೆದಿದ್ದರೆ ಮಾತ್ರ ರೋಗವೆಂದು ಎಣಿಸುತ್ತಿದ್ದರು. ಬರಿಯ ನಾಲಿಗೆಯ ಪ್ರಹಾರ ಲೆಕ್ಕಕ್ಕಿರಲಿಲ್ಲ. ನಾಲಿಗೆಯ ಹೊಡೆತವನ್ನೂ ಲಕ್ಷಣಗಳಲ್ಲಿ ಸೇರಿಸಿದ್ದು 2013ರ ಐದನೆಯ ಆವೃತ್ತಿ. ಇದು ವಿವೇಕದ ತಿದ್ದುಪಡಿಯೆಂದು ನನ್ನ ಮತ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ, ತಡೆಯಲಾಗದೆ ಕದಿಯುವ ಮತ್ತು ಬೆಂಕಿಯಿಡುವ ವ್ಯಾಧಿಗಳ ಪಕ್ಕದಲ್ಲಿ, ಇದಕ್ಕೂ ಒಂದು ಜಾಗವಿದೆ.

ಲಕ್ಷಣಗಳ ಲೆಕ್ಕ ಹೀಗಿದೆ. ಮೂರು ತಿಂಗಳ ಕಾಲ ವಾರಕ್ಕೆ ಸರಾಸರಿ 2 ಸಲದಂತೆ ಬೈಗುಳ, ರಂಪ, ಅಥವಾ ಗಾಯವನ್ನೂ ನಷ್ಟವನ್ನೂ ಮಾಡದಷ್ಟರ ಕೈಮಿಲಾವಣೆ ನಡೆಯುತ್ತಿರಬೇಕು. ಇಲ್ಲವೇ 12 ತಿಂಗಳೊಳಗೆ ವಸ್ತುಗಳು ಹಾಳಾದ ಅಥವಾ ಮನುಷ್ಯರಿಗೋ ಪ್ರಾಣಿಗಳಿಗೋ ಪೆಟ್ಟಾದ 3 ಸ್ಫೋಟಗಳಾಗಿರಬೇಕು. ವಯಸ್ಸು 6 ದಾಟಿರಬೇಕು, ಏಕೆಂದರೆ ನೆಲಕ್ಕೆ ಬಿದ್ದು ಹೊರಳಾಡುವುದು ಎಳೆಮಕ್ಕಳ ಸಹಜಧರ್ಮ. ಸ್ಫೋಟವು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೆ ಈ ಎಣಿಕೆಗಿಂತ ಮುಖ್ಯವಾದ ಮೂರು ಪ್ರಶ್ನೆಗಳಿವೆ: ಕಾರಣಕ್ಕೂ ಕೋಪಕ್ಕೂ ಪ್ರಮಾಣವಿದ್ದಿತೇ? ಅದು ಮೊದಲೇ ಯೋಚಿಸಿ ಮಾಡಿದ್ದೇ? ಅದರಿಂದ ಆತನಿಗೆ ಆಗಬೇಕಾದ ಲಾಭವೇನಾದರೂ ಇದ್ದಿತೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗಲೇ ವೈದ್ಯನು ಮುಂದಿನ ಹೆಜ್ಜೆ ಇಡುತ್ತಾನೆ.

ನಮ್ಮ ಕಾವ್ಯ ಪುರಾಣಗಳನ್ನು ಬಲ್ಲವರಿಗೆ ಈ ಪ್ರಶ್ನೆಗಳು ಹೊಸವಾಗಿ ತೋರಲಾರವು. ಕಾಳಿದಾಸನ ನಾಟಕದಲ್ಲಿ ದೂರ್ವಾಸನು ಆಶ್ರಮದ ಬಾಗಿಲಲ್ಲಿ ಬಂದು ಕೂಗಿದಾಗ, ಗಂಡನ ಧ್ಯಾನದಲ್ಲಿ ಮೈಮರೆತಿದ್ದ ಹುಡುಗಿಯೊಬ್ಬಳು ಓಗೊಡಲಿಲ್ಲ. ಅಷ್ಟಕ್ಕೆ ಆತ ಕೊಟ್ಟ ಶಾಪವು ಅವಳ ಬಾಳನ್ನೇ ಅಳಿಸಿಹಾಕುವಂತಹದು. ಸಖಿಯೊಬ್ಬಳು ಹಿಂದೆಯೇ ಓಡಿ ಕಾಲಿಗೆ ಬಿದ್ದಾಗ, ಕೆಲವು ನಿಮಿಷಗಳ ಹಿಂದಿನ ಅದೇ ಋಷಿ ಅಷ್ಟಿಷ್ಟು ಕರಗಿ, ಗುರುತಿನ ಆಭರಣವನ್ನು ಕಂಡೊಡನೆ ಶಾಪ ತೀರುವುದೆಂದು ಹೇಳಿ ಹೊರಟುಹೋಗುತ್ತಾನೆ. ಪ್ರಮಾಣವಿಲ್ಲ, ಪೂರ್ವಾಲೋಚನೆಯಿಲ್ಲ, ಪ್ರಯೋಜನವಂತೂ ಯಾರಿಗೂ ಇಲ್ಲ. ಇದರ ಎದುರಿಗೆ ರನ್ನನ ಭೀಮನನ್ನು ನಿಲ್ಲಿಸಿ ನೋಡಬೇಕು. ತುಂಬಿದ ಸಭೆಯಲ್ಲಿ ದ್ರೌಪದಿಯ ಮುಡಿಗೆ ಕೈ ಬಿದ್ದ ದಿನ ಹುಟ್ಟಿದ ಆತನ ಕೋಪ ಹದಿಮೂರು ವರ್ಷ ಕಾದಿತು. ಯಾರ ಎದೆ, ಯಾರ ತೊಡೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದಿತು. ಭೀಮನ ರೋಷ ನಮಗೆ ಭಯಾನಕವಾಗಿ ತೋರಬಹುದು, ಅತಿಯಾಗಿಯೂ ತೋರಬಹುದು, ಆದರೆ ಯಾವ ವೈದ್ಯನೂ ಅದನ್ನು ಈ ವ್ಯಾಧಿಯ ಪಟ್ಟಿಗೆ ಸೇರಿಸಲಾರ. ಪುರಾಣದ ಮಹರ್ಷಿಗೆ ಆಸ್ಪತ್ರೆಯ ಚೀಟಿ ಬರೆದುಕೊಡುವ ಉದ್ಧಟತನ ನನ್ನದಲ್ಲವೆಂದು ಆಸ್ತಿಕರು ದಯಮಾಡಿ ತಿಳಿಯಬೇಕು. ಎರಡು ಬಗೆಯ ಕೋಪಗಳ ಅಂತರವನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವ ಜೋಡಿ ನನಗೆ ಬೇರೆ ಸಿಗಲಿಲ್ಲ.

ನ್ಯಾಯಶಾಸ್ತ್ರವೂ ಇದೇ ತಕ್ಕಡಿಯನ್ನು ಹಿಡಿದಿದೆ. ಗಂಭೀರವಾದ ಹಠಾತ್ ಪ್ರಚೋದನೆಯಿಂದ ಆತ್ಮಸಂಯಮ ತಪ್ಪಿ ಮಾಡಿದ ಕೊಲೆಗೆ 1860ರ ದಂಡಸಂಹಿತೆಯು ಕೊಂಚ ರಿಯಾಯಿತಿ ಕೊಟ್ಟಿದ್ದಿತು. ನೌಕಾದಳದ ಕಮಾಂಡರ್ ನಾನಾವತಿಯ ಪ್ರಸಿದ್ಧ ಮೊಕದ್ದಮೆಯಲ್ಲಿ ವಾದವೆಲ್ಲ ಆ ರಿಯಾಯಿತಿಯ ಸುತ್ತ ನಡೆಯಿತು. 1959ರ ಏಪ್ರಿಲ್ 27ರಂದು ಹೆಂಡತಿಯ ಬಾಯಿಂದಲೇ ಅವಳ ಪ್ರಣಯದ ಸಂಗತಿಯನ್ನು ಕೇಳಿದ ಆತ, ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು, ತನ್ನ ಯುದ್ಧನೌಕೆಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರನ್ನು ಪಡೆದು, ಅಲ್ಲಿಂದ ಪ್ರಿಯಕರನ ಮನೆಗೆ ಹೋಗಿ ಗುಂಡು ಹಾರಿಸಿದ. ಮನೆ ಬಿಟ್ಟ ಹೊತ್ತಿಗೂ ಗುಂಡು ಹಾರಿದ ಹೊತ್ತಿಗೂ ನಡುವೆ ಕಳೆದ ಸುಮಾರು ಮೂರು ಗಂಟೆಗಳು ಕೋಪ ಆರಲು ಸಾಕಾಗಿದ್ದುವೆಂದು 1961ರಲ್ಲಿ ಸುಪ್ರೀಂ ಕೋರ್ಟು ಹೇಳಿ, ಶಿಕ್ಷೆಯನ್ನು ಎತ್ತಿಹಿಡಿಯಿತು.

ಕವಿಯೂ ನ್ಯಾಯಾಧೀಶನೂ ಕಂಡ ಈ ಅಂತರಕ್ಕೆ ದೇಹದಲ್ಲಿಯೂ ಗುರುತುಂಟೆಂದು ತೋರಿಸಿದವರು ಫಿನ್ಲೆಂಡಿನ ಸಂಶೋಧಕರು. ಹಿಂಸಾಪರಾಧಗಳಿಗಾಗಿ ಸಿಕ್ಕಿಬಿದ್ದವರ ಬೆನ್ನುಹುರಿಯ ದ್ರವವನ್ನು ಅವರು ಪರೀಕ್ಷಿಸಿದಾಗ, ಸೆರಟೋನಿನ್ ಎಂಬ ನರವಾಹಕದ್ರವ್ಯದ ಬಳಕೆಯನ್ನು ಸೂಚಿಸುವ ಒಂದು ಅಂಶವು, ಯೋಚಿಸಿ ಕೃತ್ಯವೆಸಗಿದವರಿಗಿಂತ ಆವೇಗದಲ್ಲಿ ಎಸಗಿದವರಲ್ಲಿ ಕಡಮೆಯಿದ್ದುದು ಕಂಡುಬಂದಿತು. 1983ರಲ್ಲಿ ಪ್ರಕಟವಾದ ಈ ಸಂಗತಿಯಿಂದ ಮುಂದಿನ ಅನೇಕ ಅನ್ವೇಷಣೆಗಳು ಹೊರಟವು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಎಮಿಲ್ ಕೊಕ್ಕಾರೋ ಎಂಬ ಮನೋವೈದ್ಯರು ಈ ವ್ಯಾಧಿಯೊಂದನ್ನೇ ದಶಕಗಳ ಕಾಲ ಅಧ್ಯಯನಮಾಡಿದರು. ಕೆರಳಿದ ಮುಖಗಳ ಚಿತ್ರಗಳನ್ನು ರೋಗಿಗಳಿಗೆ ತೋರಿಸಿ ಅವರ ಮೆದುಳನ್ನು ಯಂತ್ರದಲ್ಲಿ ನೋಡಿದಾಗ, ಭಯ ಕ್ರೋಧಗಳ ಎಚ್ಚರಿಕೆಯನ್ನೀಯುವ ಅಮಿಗ್ಡಲಾ ಎಂಬ ಒಳಭಾಗವು ಇತರರಿಗಿಂತ ಬಲವಾಗಿ ಉದ್ರಿಕ್ತವಾಗುವುದೂ, ಅದನ್ನು ಹಿಡಿದು ನಿಲ್ಲಿಸಬೇಕಾದ ಹಣೆಯ ಹಿಂದಿನ ಭಾಗವು ಸಾಕಷ್ಟು ಎಚ್ಚತ್ತುಕೊಳ್ಳದಿರುವುದೂ ತಿಳಿದುಬಂದಿತು. ಕಠೋಪನಿಷತ್ತಿನ ರಥದಲ್ಲಿ ಬುದ್ಧಿ ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆಗಳು. ಇಲ್ಲಿ ಕುದುರೆಗಳು ತೀರ ಚುರುಕು, ಸಾರಥಿಗೆ ತೂಕಡಿಕೆ.

ಹಾಗೆಂದು ಎಲ್ಲವನ್ನೂ ಮೆದುಳಿನ ತಲೆಗೆ ಕಟ್ಟುವಂತಿಲ್ಲ. ಇಂತಹವರು ಅನ್ಯರ ಸಾಧಾರಣ ವರ್ತನೆಯನ್ನು ಹಗೆತನವೆಂದು ಓದಿಕೊಳ್ಳುತ್ತಾರೆ: ಹಿಂದಿನ ವಾಹನದವನು ಹಾರನ್ ಬಾರಿಸಿದರೆ ಅದು ತನಗೆ ಮಾಡಿದ ಅವಮಾನ, ಮಗ ಕರೆದೊಡನೆ ಬಾರದಿದ್ದರೆ ಅದು ಬೇಕೆಂದೇ ಮಾಡಿದ ಉಪೇಕ್ಷೆ. ಇಂತಹ ಓದು ಎಲ್ಲಿಂದ ಬಂದಿತೆಂದು ಹಿಂದಕ್ಕೆ ಹುಡುಕಿದರೆ, ಬಾಲ್ಯದಲ್ಲಿ ಪೆಟ್ಟು ತಿಂದ, ಅಥವಾ ಅಪ್ಪ ಅಮ್ಮನ ಹೊಡೆದಾಟವನ್ನು ಕಣ್ಣಾರೆ ಕಂಡ ಇತಿಹಾಸ ಅನೇಕರಲ್ಲಿ ದೊರೆಯುತ್ತದೆ. ವಂಶಗುಣದ ಪಾಲೂ ಇದೆ. "ಅವರಪ್ಪನ ಹಾಗೆಯೇ" ಎಂದು ಹಿರಿಯರು ಹೇಳುವ ಮಾತಿನಲ್ಲಿ ರಕ್ತ ಎಷ್ಟು, ನೋಡಿ ಕಲಿತದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕೋಪವನ್ನು ಹೊರಹಾಕಿಬಿಟ್ಟರೆ ಒಳ್ಳೆಯದು, ಒಳಗಿಟ್ಟುಕೊಂಡರೆ ರೋಗ, ಎಂಬ ನಂಬಿಕೆಯೊಂದು ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಪರೀಕ್ಷೆಯಲ್ಲಿ ಇದು ನಿಲ್ಲಲಿಲ್ಲ. ಅಮೆರಿಕದ ಬ್ರ್ಯಾಡ್ ಬುಷ್ಮನ್ ಎಂಬ ಮನಶ್ಶಾಸ್ತ್ರಜ್ಞರು 600 ವಿದ್ಯಾರ್ಥಿಗಳನ್ನು, ಅವರು ಬರೆದ ಪ್ರಬಂಧವನ್ನು ಕಟುವಾಗಿ ಹೀಗಳೆಯಿಸಿ, ಮೊದಲು ಕೆರಳಿಸಿದರು. ಆಮೇಲೆ ಕೆಲವರಿಗೆ ಹೀಗಳೆದವನನ್ನೇ ನೆನೆಯುತ್ತ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಕೆಲವರಿಗೆ ವ್ಯಾಯಾಮವೆಂದು ಭಾವಿಸಿ ಗುದ್ದಲು ಹೇಳಿದರು. ಕೆಲವರನ್ನು ಸುಮ್ಮನೆ ಕೂರಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಶತ್ರುವನ್ನು ನೆನೆದು ಗುದ್ದಿದವರ ಕೋಪವೇ ಎಲ್ಲರಿಗಿಂತ ಹೆಚ್ಚು. ಸುಮ್ಮನೆ ಕುಳಿತವರ ಆಕ್ರಮಣಬುದ್ಧಿ ಎಲ್ಲರಿಗಿಂತ ಕಡಮೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯಕ್ಕೆ ಕಾರಣವಿಲ್ಲ. ಮಲಮೂತ್ರ, ಸೀನು, ಆಕಳಿಕೆ, ಹಸಿವು, ಕಣ್ಣೀರು, ನಿದ್ರೆ ಮೊದಲಾದ ದೇಹದ ವೇಗಗಳನ್ನು ತಡೆಯಬಾರದೆಂದು ವಿಧಿಸುವ ಆ ಅಧ್ಯಾಯವೇ, ಲೋಭ ಶೋಕ ಭಯಗಳೊಡನೆ ಕ್ರೋಧವನ್ನು ತಡೆಯತಕ್ಕ ವೇಗಗಳ ಸಾಲಿನಲ್ಲಿ ಇರಿಸಿದೆ.

ಈ ವ್ಯಾಧಿ ಎಷ್ಟು ಮಂದಿಗಿದೆ ಎಂಬುದಕ್ಕೆ ಹೆಚ್ಚಾಗಿ ಉಲ್ಲೇಖಿಸುವುದು ಅಮೆರಿಕದ ಲೆಕ್ಕವನ್ನು. ಅಲ್ಲಿ 9282 ಮಂದಿ ವಯಸ್ಕರನ್ನು ಕಂಡು ಮಾತನಾಡಿಸಿದ ಸಮೀಕ್ಷೆಯ ಆಧಾರದ ಮೇಲೆ, ಜೀವಮಾನದಲ್ಲಿ ಎಂದಾದರೂ ಇದಕ್ಕೆ ತುತ್ತಾದವರು ನೂರಕ್ಕೆ 7.3, ಬಿಗಿಯಾದ ಲಕ್ಷಣವನ್ನಿಟ್ಟು ಎಣಿಸಿದರೆ 5.4, ಎಂದು 2006ರಲ್ಲಿ ಪ್ರಕಟವಾಯಿತು. ಸರಾಸರಿ 14ನೆಯ ವಯಸ್ಸಿಗೇ ಆರಂಭ. ಕೋಪಕ್ಕೆಂದೇ ಚಿಕಿತ್ಸೆ ಪಡೆದವರು ಮೂರರಲ್ಲಿ ಒಬ್ಬರಿಗಿಂತ ಕಡಮೆ. ಹೈಸ್ಕೂಲಿನ ಹುಡುಗನ ಸಿಟ್ಟನ್ನು "ವಯಸ್ಸಿನ ದೋಷ, ಮದುವೆಯಾದರೆ ಸರಿಹೋಗುತ್ತದೆ" ಎಂದು ತಳ್ಳಿಹಾಕುವ ತಂದೆತಾಯಿಗಳು ಹದಿನಾಲ್ಕು ಎಂಬ ಆ ಅಂಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮದುವೆಯಿಂದ ರೋಗ ವಾಸಿಯಾದ ನಿದರ್ಶನಕ್ಕಿಂತ, ರೋಗಿಯ ಸುತ್ತ ಇನ್ನೊಂದು ಜೀವ ನವೆದ ನಿದರ್ಶನವೇ ಹೆಚ್ಚು.

ಇಲ್ಲಿ ಓದುಗರು, ವಿಶೇಷವಾಗಿ ಸ್ತ್ರೀಯರು, ಕೇಳಬಹುದಾದ ಪ್ರಶ್ನೆಯೊಂದಿದೆ. ಅದನ್ನು ಜಾರಿಸಿಕೊಂಡು ಹೋಗುವುದು ಅಪ್ರಾಮಾಣಿಕತೆಯಾದೀತು. ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಬಲ್ಲವನು, ಅಂಗಡಿಯವನೊಡನೆ ನಗುನಗುತ್ತ ಮಾತನಾಡಬಲ್ಲವನು, ಹೊಸ್ತಿಲು ದಾಟಿ ಒಳಗೆ ಬಂದೊಡನೆ ಹೆಂಡತಿ ಮಕ್ಕಳ ಮೇಲೆ ಮಾತ್ರ ಹರಿಹಾಯುವುದಾದರೆ ಅದೂ ರೋಗವೇ? ಒಂದೇ ಮಾತಿನಲ್ಲಿ ಉತ್ತರ ಸಿಗುವುದಿಲ್ಲ. ಹೊರಗೆ ಹೇಗೋ ತಡೆದುಕೊಂಡದ್ದು ಒಳಗೆ ಬಂದಾಗ ಸಿಡಿಯುವುದು ನಿಜವಾದ ರೋಗಿಗಳಲ್ಲಿಯೂ ಉಂಟು. ಆದ್ದರಿಂದ ಕೋಪ ಯಾರ ಮುಂದೆ ಬಂದಿತೆಂಬುದಕ್ಕಿಂತ, ಬಂದುಹೋದ ಮೇಲೆ ಮನೆಯಲ್ಲಿ ಏನು ಬದಲಾಯಿತೆಂಬುದನ್ನು ನೋಡಬೇಕು. ತಟ್ಟೆ ಹಾರಿದ ಮೇಲೆ ಅವಳು ತವರಿಗೆ ಹೋಗುವ ಮಾತನ್ನೇ ಬಿಟ್ಟಳೆ? ಸಂಬಳದ ಲೆಕ್ಕ ಕೇಳುವುದನ್ನು ನಿಲ್ಲಿಸಿದಳೆ? ಪ್ರತಿಸಲವೂ ಆತನಿಗೆ ಬೇಕಾದುದೇ ನಡೆಯುತ್ತ ಬಂದಿತೆ? ಹಾಗಿದ್ದರೆ ಆ ಕೋಪಕ್ಕೆ ಪ್ರಯೋಜನವಿದೆ. ಪ್ರಯೋಜನವಿರುವ ಕೋಪಕ್ಕೆ ದಬ್ಬಾಳಿಕೆಯೆಂದು ಹೆಸರು, ಅದಕ್ಕೆ ಮದ್ದು ಆಸ್ಪತ್ರೆಯಲ್ಲಿಲ್ಲ. ಸ್ಫೋಟಕೋಪದ ರೋಗಿ ಒಡೆಯುವ ಸಾಮಾನುಗಳಲ್ಲಿ ಅವನಿಗೇ ಪ್ರಿಯವಾದ ಮೊಬೈಲೂ ಇರುತ್ತದೆ. ದಬ್ಬಾಳಿಕೆಗಾರನು ಒಡೆಯುವುದು ಹೆಚ್ಚಾಗಿ ಪರರದ್ದನ್ನು.

ರೋಗವೆಂದೇ ನಿಶ್ಚಯವಾದರೂ ಹೊಡೆಸಿಕೊಂಡವರ ಹಕ್ಕು ಕುಂದುವುದಿಲ್ಲ. ಮನೋವಿಕಲತೆಯ ಕಾರಣದಿಂದ ಅಪರಾಧಹೊಣೆ ತಪ್ಪುವುದು, ಹಳೆಯ ಸಂಹಿತೆಯ 84ನೆಯ ಕಲಮಿನಂತೆಯೂ ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೆಯದರಂತೆಯೂ, ತಾನು ಮಾಡುತ್ತಿರುವುದು ಏನು ಅಥವಾ ಅದು ತಪ್ಪು ಎಂಬ ಅರಿವೇ ಇಲ್ಲದವನಿಗೆ. ಗಾಜಿನ ಚೂರನ್ನು ತಾನೇ ಆಯುವವನಿಗೆ ಆ ಅರಿವು ಇಲ್ಲವೆನ್ನಲಾಗದು. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯ ರಕ್ಷಣೆಯಂತೂ ಗಂಡನ ರೋಗನಿದಾನವನ್ನು ಕಾಯುವುದಿಲ್ಲ.

ಸ್ಫೋಟಗಳಿಗೆ ಬೇರೆ ಮೂಲವಿದೆಯೇ ಎಂದು ಶೋಧಿಸುವುದು ವೈದ್ಯನ ಮೊದಲ ಕೆಲಸ. ಮದ್ಯಪಾನ, ತಲೆಗೆ ಬಿದ್ದ ಹಳೆಯ ಪೆಟ್ಟು, ಕೆಲವು ಬಗೆಯ ಅಪಸ್ಮಾರ, ಉನ್ಮಾದ ಖಿನ್ನತೆಗಳು ಸರದಿಯಾಗಿ ಬರುವ ರೋಗ, ಇವುಗಳಲ್ಲಿಯೂ ಕೋಪ ಸಿಡಿಯುತ್ತದೆ, ಚಿಕಿತ್ಸೆ ಬೇರೆ. ಇವೊಂದೂ ಇಲ್ಲವೆಂದಾದರೆ ಎರಡು ಮಾರ್ಗಗಳು. ಫ್ಲೂಆಕ್ಸೆಟಿನ್ ಎಂಬ, ಖಿನ್ನತೆಗೆ ಕೊಡುವ ಮಾತ್ರೆಯನ್ನು ಕೊಕ್ಕಾರೋ ಅವರು 100 ರೋಗಿಗಳಲ್ಲಿ ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು: ಹುಸಿಮಾತ್ರೆಗಿಂತ ಅದು ನಿಶ್ಚಯವಾಗಿ ಮೇಲು, ಆದರೆ ಪೂರ್ಣವಾಗಿಯೋ ಭಾಗಶಃವೋ ಶಮನ ಕಂಡವರು ಅರ್ಧಕ್ಕೂ ಕಡಮೆ. ಇನ್ನೊಂದು ಮಾರ್ಗವಾದ ಮಾತಿನ ಚಿಕಿತ್ಸೆ, ಸುಮಾರು ಹನ್ನೆರಡು ವಾರಗಳದು. ಉಸಿರನ್ನೂ ಸ್ನಾಯುಗಳನ್ನೂ ಸಡಿಲಬಿಡುವ ಅಭ್ಯಾಸ, ಎದೆ ಬಿಗಿಯುವ ಮೊದಲ ಸೂಚನೆಯಲ್ಲಿಯೇ ಕೋಣೆಯಿಂದ ಹೊರಗೆ ನಡೆದುಬಿಡುವ ರೂಢಿ ಅದರಲ್ಲಿ ಸೇರಿವೆ. ಆದರೆ ಅದರ ತಿರುಳು, "ಅವಳು ತಿರುಗಿ ನೋಡಲಿಲ್ಲ, ಆದ್ದರಿಂದ ನನ್ನನ್ನು ಧಿಕ್ಕರಿಸಿದಳು" ಎಂಬ ತರ್ಕವನ್ನು ಬಿಡಿಸಿ, ಒಲೆಯ ಮೇಲೆ ಒಗ್ಗರಣೆ ಸೀಯುತ್ತಿದ್ದಿತು ಎಂಬ ಸರಳಸಂಗತಿಯನ್ನು ಕಾಣುವಂತೆ ಮಾಡುವುದು.

ಕನ್ನಡನಾಡಿನವರಿಗೆ ಇದಕ್ಕಾಗಿ ದೂರ ಹೋಗಬೇಕಾದ ಅಗತ್ಯವಿಲ್ಲ. 1954ರಲ್ಲಿ ಬೆಂಗಳೂರಿನ ಸರಕಾರಿ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಸ್ಥಾಪಿತವಾಗಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗ ನಡೆದದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅಷ್ಟು ಕಣ್ಣಮುಂದಿದ್ದರೂ "ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ" ಎಂಬುದು ನಮ್ಮಲ್ಲಿ ಇಂದಿಗೂ ಬೈಗುಳವಾಗಿಯೇ ಉಳಿದಿರುವುದು ನಾಚಿಕೆಯ ಸಂಗತಿ.

ರೋಗಿಯನ್ನು ಚಿಕಿತ್ಸೆಗೆ ಒಪ್ಪಿಸುವುದು ಯಾವಾಗ ಎಂಬುದನ್ನು ಮನೆಯವರು ತಿಳಿದಿರಬೇಕು. ಸ್ಫೋಟದ ನಡುವೆ ಉಪದೇಶ ವ್ಯರ್ಥ, ಅಪಾಯಕರವೂ ಹೌದು. ಆಗ ಮಕ್ಕಳನ್ನು ಕರೆದುಕೊಂಡು ಪಕ್ಕಕ್ಕೆ ಸರಿಯುವುದೇ ಕರ್ತವ್ಯ. ಮೈಸೂರುಪಾಕು ಬರುವ ಸಂಜೆಯೇ ತಕ್ಕ ಸಮಯ. ನಡೆದುದನ್ನು ಮರೆತರೆ ಸಾಕೆಂದು ಎಲ್ಲರೂ ಬಯಸುವ, ಆತನೂ ಸೋತು ಮೆತ್ತಗಾಗಿರುವ ಆ ಗಳಿಗೆಯಲ್ಲಿ, "ನಿಮಗೆ ಸಿಟ್ಟು ಜಾಸ್ತಿ" ಎಂದು ಆಪಾದಿಸದೆ, "ಆ ಹೊತ್ತಿನಲ್ಲಿ ನಿಮ್ಮ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಆಮೇಲೆ ಎಷ್ಟೋ ಸಂಕಟಪಡುತ್ತೀರಿ, ಒಮ್ಮೆ ಡಾಕ್ಟರಿಗೆ ತೋರಿಸೋಣ" ಎಂದರೆ ಕಿವಿಗೊಟ್ಟಾನು. ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚಪಡುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಯಲ್ಲಿ ಮೊದಲು ಮಾತನಾಡಬಹುದು. ಸಂಖ್ಯೆ 14416, ಹಗಲಿರುಳೂ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ.